ಆ ಎರಡು ವಾರದ ಲೆಕ್ಕ ನಿಮಗಲ್ಲ

"ಗೋಡೆ ಮೇಲೇ ಬರೆದಿದೆಯಲ್ಲ ಸಾರ್, ಎರಡು ವಾರ ಅಂತ." ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕೂತು ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗೋಡೆಬರಹ ಸುಳ್ಳಲ್ಲ. ಎರಡು ವಾರ ಕೆಮ್ಮಿದ್ದರೆ ಟಿಬಿ ಪರೀಕ್ಷೆ ಮಾಡಿಸಿ ಅನ್ನೋದು ಊರಿಗೆಲ್ಲ ಹೇಳಿದ ಮಾತು. ಎಚ್‌ಐವಿ ಇರುವವರು ನಿನ್ನೆ ಕೆಮ್ಮು ಶುರುವಾಗಿದ್ದರೂ ಬರಬೇಕು. ಕೆಮ್ಮಿಲ್ಲದೆ ಬರೀ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಯಾವುದೊಂದಿದ್ದರೂ ಬರಬೇಕು.

ಯಾಕೆ ಅಂತ ಕೇಳಿ. ಟಿಬಿ ರೋಗಾಣು ಮೈಯೊಳಗೆ ಹೊಕ್ಕರೆ ಸಿಡಿ4 ಅನ್ನೋ ಕಾವಲು ಬಿಳಿ ರಕ್ತಕಣಗಳು ಉಳಿದ ಕಣಗಳನ್ನು ಸೇರಿಸಿಕೊಂಡು ಅದರ ಸುತ್ತ ಬೇಲಿ ಹಾಕುತ್ತವೆ. ಅದು ಅಲ್ಲೇ ವರ್ಷಗಟ್ಟಲೆ ಮಲಗಿರುತ್ತದೆ. ಮಲಗಿದ್ದು ಎದ್ದು ಕಾಯಿಲೆಯಾಗುವುದು ಬೇರೆಯವರಲ್ಲಿ ಇಡೀ ಆಯುಷ್ಯದಲ್ಲಿ ನೂರಕ್ಕೆ 5ರಿಂದ 10 ಮಂದಿಗೆ. ಎಚ್‌ಐವಿ ಇದ್ದೂ ಎಆರ್‌ಟಿ ನುಂಗದವರಲ್ಲಿ ಹೆಚ್ಚುಕಮ್ಮಿ ವರ್ಷಕ್ಕೇ ಅಷ್ಟು. ಎಚ್‌ಐವಿ ತಿನ್ನೋದು ಆ ಸಿಡಿ4 ಕಣಗಳನ್ನೇ ಅಲ್ವಾ?

ಇನ್ನೊಂದಿದೆ. ಶ್ವಾಸಕೋಶದಲ್ಲಿ ತೂತು ಬೀಳೋದು ರೋಗಾಣು ಒಂದರಿಂದಲೇ ಅಲ್ಲ, ಅದರ ಜೊತೆ ನಮ್ಮ ಮೈ ಮಾಡುವ ಜಗಳದಿಂದ. ತೂತಿದ್ದರೆ ಕಫದಲ್ಲಿ ರೋಗಾಣು ರಾಶಿ ರಾಶಿ ಸಿಗುತ್ತವೆ. ಸಿಡಿ4 ತೀರಾ ಕಮ್ಮಿಯಾದವರಲ್ಲಿ ಜಗಳ ಜೋರಾಗಿ ನಡೆಯುವುದೇ ಇಲ್ಲ. ಹಾಗಾಗಿ ಕಫ ನೆಗೆಟಿವ್ ಬರಬಹುದು, ಎಕ್ಸ್‌ರೇನೂ ಎಷ್ಟೋ ಸಲ ಚೆನ್ನಾಗೇ ಕಾಣುತ್ತದೆ. ಟಿಬಿ ಮಾತ್ರ ಸದ್ದಿಲ್ಲದೆ ಗಡ್ಡೆಗೋ ಹೊಟ್ಟೆಗೋ ಮಿದುಳಿನ ಪೊರೆಗೋ ಇಳಿದಿರುತ್ತದೆ. ಮೈಕ್ರೋಸ್ಕೋಪ್ ರಿಪೋರ್ಟ್ ಹಿಡಿದು "ಏನಿಲ್ವಂತೆ" ಅಂತ ಮನೆಗೆ ಹೋಗಬೇಡಿ. ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಆಗಲಿ. ಅದೂ ನೆಗೆಟಿವ್ ಬಂದರೆ ಮುಂದೇನು ಅನ್ನೋದನ್ನ ಡಾಕ್ಟರು ನಿಮ್ಮನ್ನು ಮುಟ್ಟಿ ನೋಡಿಯೇ ಹೇಳಬೇಕು, ನಾನು ಇಲ್ಲಿ ಬರೆದು ಹೇಳೋಕಾಗಲ್ಲ.

ಟೈಲರಿಂಗ್ ಮಾಡುವ ಒಬ್ಬರು ಬರುತ್ತಾರೆ. ಎರಡು ತಿಂಗಳಲ್ಲಿ ತಮ್ಮದೇ ಬ್ಲೌಸಿನ ಪಕ್ಕಕ್ಕೆ ಎರಡು ಸಲ ಒಳಹೊಲಿಗೆ ಹಾಕಿಕೊಂಡಿದ್ದರು. ಬಳೆ ಮೊಣಕೈವರೆಗೆ ಜಾರುತ್ತಿತ್ತು. "ಕೆಮ್ಮಿಲ್ಲ ಸಾರ್, ಅದಕ್ಕೇ ಬರಲಿಲ್ಲ." ಕುತ್ತಿಗೆ ಮುಟ್ಟಿದರೆ ಗೋಲಿಯಂಥ ಗಡ್ಡೆಗಳು. ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಿದೆವು. ಟಿಬಿ.

ಹಿಂದಿನ ವರ್ಷ ಟಿಬಿ ಬರದಿರಲಿ ಅಂತ 6 ತಿಂಗಳ ಐಸೋನಿಯಾಜಿಡ್ ಮಾತ್ರೆ ಕೊಟ್ಟಿದ್ದೆವು. ಅದೇನಾಯಿತು ಅಂತ ಕೇಳಿದೆ. ಮಿಷಿನ್ ಡ್ರಾಯರಿನಲ್ಲಿ ಬಾಬಿನ್‌ಗಳ ಜೊತೆ ಇದೆಯಂತೆ. "ಕಾಯಿಲೆನೇ ಇಲ್ವಲ್ಲ, ಸುಮ್ನೆ ಯಾಕೆ ಅಂತ." ನುಂಗಿದ್ದರೆ ಬರುತ್ತಲೇ ಇರಲಿಲ್ಲ ಅಂತ ಆಣೆ ಹಾಕಲಾರೆ. ಆದರೂ ಸಿಟ್ಟು ಬಂತು, ಬೈದೆ. ಅವರು ನಕ್ಕರು.

ಹೋದ ತಿಂಗಳು ಬಂದಾಗ ಒಂದು ಹೊಲಿಗೆ ಬಿಚ್ಚಿದ್ದರು.