ಪರಿಮಳದ ಹೂಗಳ ಬೀಜ ಯಾವುದಕ್ಕಾಗಿ ಕಾಯುತ್ತದೆ?

ಸುವಾಸನೆಯ ಹೂಗಿಡಗಳನ್ನು ಬೀಜದಿಂದ ಬೆಳೆಸಲು ಹೊರಟವರು, ಬಿತ್ತಿದ್ದು ಮೊಳೆಯದಿದ್ದರೆ ಬೀಜವೇ ಜೊಳ್ಳು ಎಂದು ತೀರ್ಮಾನಿಸಿಬಿಡುತ್ತಾರೆ. ಬಹಳ ಸಲ ಬೀಜಕ್ಕೆ ಜೀವವಿದ್ದೇ ಇರುತ್ತದೆ. ತನಗೆ ಬೇಕಾದ ಸೂಚನೆ ಸಿಗದೆ ಅದು ಸುಪ್ತಾವಸ್ಥೆಯಲ್ಲಿ ಉಳಿದಿರುತ್ತದೆ, ಮತ್ತು ಆ ಸೂಚನೆ ಎಲ್ಲ ಗಿಡಗಳಿಗೂ ಒಂದೇ ಅಲ್ಲ.

ಸಂಜೆ ಕಂಪು ಬೀರುವ ನಿಕೋಟಿಯಾನಾ, ಪೆಟೂನಿಯಾಗಳ ಬೀಜ ಅಂಗೈಯಲ್ಲಿಟ್ಟರೆ ಉಸಿರಿಗೇ ಹಾರಿಹೋಗುವಷ್ಟು ಸಣ್ಣದು; ಒಂದು ಗ್ರಾಂ ತೂಕದಲ್ಲಿ ಸಾವಿರಾರು ಬೀಜಗಳಿರುತ್ತವೆ. ಅದರೊಳಗಿನ ಆಹಾರ ಮೊಳಕೆಯನ್ನು ಕೆಲವೇ ಮಿಲಿಮೀಟರ್ ಮೇಲಕ್ಕೆತ್ತಲು ಸಾಕಾಗುವಷ್ಟು ಮಾತ್ರ. ಆಳದಲ್ಲಿ ಮೊಳೆತರೆ ಸಾವು ಖಚಿತವಾದ್ದರಿಂದ ಇಂಥ ಬೀಜಗಳು ಬೆಳಕು ತಾಗಿದರೆ ಚೆನ್ನಾಗಿ ಮೊಳೆಯುತ್ತವೆ. ಬೆಳಕನ್ನು ಗುರುತಿಸುವುದು ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಅದನ್ನು ಚುರುಕುಗೊಳಿಸಿದರೆ, ಎಲೆಗಳ ನೆರಳಿನಲ್ಲಿ ಹೆಚ್ಚಾಗಿರುವ 730 ನ್ಯಾನೋಮೀಟರ್‌ನ ಕಡುಗೆಂಪು ಬೆಳಕು ಸುಮ್ಮನಾಗಿಸುತ್ತದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಲೆಟ್ಯೂಸ್ ಬೀಜಗಳಿಗೆ ಈ ಎರಡು ಬೆಳಕನ್ನು ಒಂದಾದ ಮೇಲೊಂದರಂತೆ ತೋರಿಸಿದಾಗ, ಎಷ್ಟು ಸಲ ಬದಲಾಯಿಸಿದರೂ ಕೊನೆಗೆ ತೋರಿಸಿದ ಬೆಳಕೇ ಮೊಳಕೆಯನ್ನು ನಿರ್ಧರಿಸಿತು. ಆದ್ದರಿಂದ ಈ ಬೀಜಗಳನ್ನು ನಯವಾದ ಒಣ ಮರಳಿನೊಂದಿಗೆ ಬೆರೆಸಿ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಮೆಲ್ಲಗೆ ಒತ್ತಿ, ಮೇಲೆ ಮಣ್ಣು ಮುಚ್ಚದೆ ಬಿಡಬೇಕು. ನೀರನ್ನು ಮೇಲಿಂದ ಸುರಿಯದೆ, ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದಲೇ ಹೀರಿಕೊಳ್ಳಲು ಬಿಡುವುದು ಲೇಸು.

ಬಟಾಣಿ ಕುಟುಂಬದ ಹೂಬಳ್ಳಿಯಾದ ಸ್ವೀಟ್ ಪೀ ಬೀಜದ ತೊಡಕು ನೀರನ್ನು ಒಳಬಿಡದ ಗಟ್ಟಿ ಸಿಪ್ಪೆ. ರಾತ್ರಿಯಿಡೀ ನೆನೆಸಿದರೂ ಉಬ್ಬದ ಕಾಳುಗಳನ್ನು ಆರಿಸಿ, ಕಾಳಿನ ಕಣ್ಣಿನ (ಕಾಯಿಗೆ ಅಂಟಿದ್ದ ಗುರುತಿನ) ಎದುರು ಬದಿಯನ್ನು ಉಪ್ಪುಕಾಗದದಿಂದ ತುಸು ಉಜ್ಜಿದರೆ ನೀರಿಗೆ ದಾರಿಯಾಗುತ್ತದೆ. ಸಂಪಿಗೆಯದು ಇದಕ್ಕೆ ತದ್ವಿರುದ್ಧ: ಅದರ ಬೀಜ ಒಣಗಿಸಿ ಕೂಡಿಡುವಂಥದ್ದಲ್ಲ, ಕೆಂಪು ತಿರುಳನ್ನು ತೊಳೆದು ಕೂಡಲೇ ಬಿತ್ತಬೇಕು.

ಇಷ್ಟಾದರೂ ಪರಿಮಳದ ಭರವಸೆಯಿಲ್ಲ. ಗುಲಾಬಿಯ ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನೇ ಹೋಲಬೇಕಿಲ್ಲ; ಸಂಕರ ಪೆಟೂನಿಯಾದ ಮರಿಗಳದೂ ಅದೇ ಕಥೆ. ದೊಡ್ಡ ಹೂ, ಹೊಸ ಬಣ್ಣಗಳ ಹಿಂದೆ ಬಿದ್ದ ತಳಿಗಾರರು ಕೆಲವು ಹೂಗಳ ಕಂಪನ್ನು ಕಳೆದಿದ್ದಾರೆ ಎಂಬುದು ನನ್ನ ದೂರು. ಬೀಜಕ್ಕೆಂದು ಗಿಡ ಉಳಿಸಿಕೊಳ್ಳುವವರು ಪೆಟೂನಿಯಾವನ್ನು ಮಧ್ಯಾಹ್ನ ಮೂಸಿ ತಳ್ಳಿಹಾಕಬಾರದು. ಕಂಪುಳ್ಳ ತಳಿಗಳು ಮೀಥೈಲ್ ಬೆಂಜೋಯೇಟ್‌ನಂಥ ಸುಗಂಧ ದ್ರವ್ಯಗಳನ್ನು ಹೆಚ್ಚಾಗಿ ಹೊರಬಿಡುವುದು ಕತ್ತಲಾದ ಮೇಲೆ. ಆಗ ಘಮಘಮಿಸುವ ಗಿಡಕ್ಕೆ ದಾರ ಕಟ್ಟಿ ಗುರುತಿಟ್ಟು, ಅದರ ಕಾಯಿ ಒಣಗಿ ಬಿರಿಯುವ ಮುನ್ನ ಬೀಜ ತೆಗೆಯಬೇಕು.