ಕಮೊಡೋರ್ 64: ಪವರ್ ಸಪ್ಲೈ ದೋಷ ಪತ್ತೆಗೆ ಅಧ್ಯಯನ ಟಿಪ್ಪಣಿ

1982ರಲ್ಲಿ ಬಂದ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗೆ ಕರೆಂಟು ಕೊಡುವುದು ಹೊರಗಿರುವ ಅಡಾಪ್ಟರ್. ಅದರಿಂದ ಎರಡು ಸಾಲು ಬರುತ್ತವೆ: 5 ವೋಲ್ಟ್ ಡಿಸಿ, ಸುಮಾರು 1.5 ಆಂಪಿಯರ್; 9 ವೋಲ್ಟ್ ಎಸಿ, ಸುಮಾರು 1 ಆಂಪಿಯರ್. ಯಾವ ಭಾಗ ಯಾವ ಸಾಲಿನಿಂದ ನಡೆಯುತ್ತದೆ ಎಂದು ಗೊತ್ತಿದ್ದರೆ, ಮೀಟರ್ ಹಿಡಿಯುವ ಮೊದಲೇ ದೋಷದ ಜಾಗ ಅರ್ಧ ತಿಳಿದುಬಿಡುತ್ತದೆ.

ಮೊದಲು ಅಡಾಪ್ಟರ್, ಆಮೇಲೆ ಕಂಪ್ಯೂಟರ್

ಹಳೆಯ ಅಡಾಪ್ಟರನ್ನು ಅಳೆಯದೆ ಕಂಪ್ಯೂಟರಿಗೆ ಸಿಕ್ಕಿಸಲೇಬೇಡಿ. ಅದರೊಳಗೆ ಟ್ರಾನ್ಸ್‌ಫಾರ್ಮರ್ ಮತ್ತು 5 ವೋಲ್ಟ್ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಭಾಗ) ಇರುತ್ತವೆ. ಬಹಳಷ್ಟು ಮಾದರಿಗಳಲ್ಲಿ ಅವೆರಡರ ಸುತ್ತ ಗಟ್ಟಿ ರಾಳ ಸುರಿದಿರುವುದರಿಂದ ಬಿಸಿ ಹೊರಗೆ ಹೋಗುವುದಿಲ್ಲ. ವರ್ಷಗಟ್ಟಲೆ ಕಾದ ರೆಗ್ಯುಲೇಟರ್ ಒಳಗೇ ಶಾರ್ಟ್ ಆದರೆ 5 ವೋಲ್ಟ್ ಸಾಲಿಗೆ 7, 8 ವೋಲ್ಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬರುತ್ತದೆ. ಬೋರ್ಡಿನ 4164 ರ‍್ಯಾಮ್ ಚಿಪ್‌ಗಳ ಗರಿಷ್ಠ ಮಿತಿಯೇ 7 ವೋಲ್ಟ್. ಆದ್ದರಿಂದ ಮೊದಲು ಸಾಯುವುದು ಹೆಚ್ಚಾಗಿ ಅವೇ.

ಅಳೆಯುವುದು ಹೀಗೆ. ಪ್ಲಗ್ಗಿನಲ್ಲಿ ಏಳು ಪಿನ್‌ಗಳು ಕಮಾನಿನ ಹಾಗಿವೆ. ಕಮಾನಿನ ಎರಡು ತುದಿಗಳು 6 ಮತ್ತು 7ನೇ ಪಿನ್. ಇವುಗಳ ನಡುವೆ 9 ವೋಲ್ಟ್ ಎಸಿ. ನಟ್ಟನಡುವಿನದು 2ನೇ ಪಿನ್, ಗ್ರೌಂಡ್. ಅದರ ಪಕ್ಕದ ಎರಡರಲ್ಲಿ 5 ವೋಲ್ಟ್ ತೋರಿಸುವುದು 5ನೇ ಪಿನ್. ಪಿನ್‌ಗಳು ಒತ್ತೊತ್ತಾಗಿರುವುದರಿಂದ ಪ್ರೋಬಿನ ತುದಿ ಮಾತ್ರ ಕಾಣುವಂತೆ ಮೇಲೆ ಸ್ಲೀವ್ ಹಾಕಿಕೊಳ್ಳಿ.

ಲೋಡ್ (ಕರೆಂಟು ಎಳೆಯುವ ಭಾರ) ಇಲ್ಲದೆ 5.0 ವೋಲ್ಟ್ ತೋರಿಸಿದರೆ ಅದನ್ನು ನಂಬಬೇಡಿ. 2 ಮತ್ತು 5ನೇ ಪಿನ್ ನಡುವೆ 4.7 ಓಮ್, 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್ ಕೊಡಿ; ಸುಮಾರು 1.06 ಆಂಪಿಯರ್ ಹರಿಯುತ್ತದೆ. ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಹಂಚಿನ ತುಂಡಿನ ಮೇಲಿಡಿ. ಅರ್ಧ ಗಂಟೆ ಬಿಟ್ಟು, ನಡುನಡುವೆ ಅಳೆಯುತ್ತಿರಿ. 4.75ರಿಂದ 5.25ರೊಳಗೆ ಇರಬೇಕು. ಬಿಸಿಯಾದಂತೆ ಮೇಲೇರುತ್ತ ಹೋದರೆ ಆ ಅಡಾಪ್ಟರ್ ಮುಗಿಯಿತು. ರಾಳ ಕೆತ್ತಿ ರಿಪೇರಿ ಮಾಡುವುದು ಅಪಾಯ, ಪ್ರಯೋಜನವೂ ಇಲ್ಲ. ಎಸಿ ಸಾಲು ಲೋಡ್ ಇಲ್ಲದಾಗ 10–11 ವೋಲ್ಟ್ ತೋರಿಸಿದರೆ ಸರಿಯಾಗಿಯೇ ಇದೆ.

ದೀಪ ಉರಿಯುತ್ತದೆ, ಚಿತ್ರವಿಲ್ಲ

ಕೆಂಪು ಎಲ್‌ಇಡಿ 5 ವೋಲ್ಟ್ ಸಾಲಿನದು. ಅದು ಉರಿದರೆ 9 ವೋಲ್ಟ್ ಬಂದಿದೆ ಎಂದೇನೂ ಅರ್ಥವಲ್ಲ. ಹಳೆಯ ಉದ್ದ ಬೋರ್ಡಿನಲ್ಲಿ ಎಸಿ ಸಾಲಿನಿಂದ ಎರಡು ರೆಗ್ಯುಲೇಟರ್ ನಡೆಯುತ್ತವೆ: 7812 ಸಿಡ್ (ಧ್ವನಿ) ಮತ್ತು ವಿಕ್ (ಚಿತ್ರ) ಚಿಪ್‌ಗಳಿಗೆ 12 ವೋಲ್ಟ್ ಕೊಡುತ್ತದೆ, 7805 ವಿಕ್‌ನ ಕ್ಲಾಕ್ ಭಾಗಕ್ಕೆ (ಚಿಪ್‌ಗಳಿಗೆ ತಾಳ ಕೊಡುವ ಭಾಗ) ಬೇರೆಯೇ 5 ವೋಲ್ಟ್ ಕೊಡುತ್ತದೆ. ಎಸಿ ತಪ್ಪಿದರೆ ಕ್ಲಾಕ್ ಇಲ್ಲ, ಚಿತ್ರವಿಲ್ಲ, ಸದ್ದಿಲ್ಲ. ಮೊದಲು ನೋಡಬೇಕಾದದ್ದು ಬೋರ್ಡಿನ ಗಾಜಿನ ಫ್ಯೂಸ್, 1.5 ಆಂಪಿಯರ್. ಕಣ್ಣಿಗೆ ಚೆನ್ನಾಗಿ ಕಂಡರೂ ಹೊರತೆಗೆದು ಮೀಟರಿನಲ್ಲಿ ಕಂಟಿನ್ಯುಯಿಟಿ (ಒಳಗಿನ ತಂತಿ ತುಂಡಾಗಿಲ್ಲವೇ ಎಂದು) ನೋಡಿ. ಹೊರಗಿನ ಸಾಧನ ಸೇರಿಸುವ ಯೂಸರ್ ಪೋರ್ಟಿನ 10 ಮತ್ತು 11ನೇ ಪಿನ್‌ಗಳಿಗೂ ಇದೇ 9 ವೋಲ್ಟ್ ಹೋಗುತ್ತದೆ; ಅಲ್ಲಿ ಒಂದಕ್ಕೊಂದು ತಗುಲಿಸಿದರೆ ಹಾರುವುದು ಈ ಫ್ಯೂಸೇ. ಹೊಸದು ಹಾಕಿದ ಕೂಡಲೇ ಮತ್ತೆ ಹಾರಿದರೆ ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್ ಶಾರ್ಟ್ ಆಗಿದೆಯೇ ನೋಡಿ, ದೊಡ್ಡ ಫ್ಯೂಸ್ ಹಾಕಬೇಡಿ.

64ಸಿ ಮಾದರಿಯ ಚಿಕ್ಕ ಬೋರ್ಡಿನಲ್ಲಿ 12 ವೋಲ್ಟ್ ಹುಡುಕಬೇಡಿ. ಅಲ್ಲಿ ಸಿಡ್ ಚಿಪ್‌ಗೆ 9 ವೋಲ್ಟ್ ಸಾಕು.

ಆನ್ ಆಗುತ್ತದೆ, ಆದರೆ ಆಗಾಗ ಕೈಕೊಡುತ್ತದೆ

ಇಲ್ಲಿ ಚಿಪ್‌ಗಿಂತ ಸ್ವಿಚ್ಚಿನ ಮೇಲೇ ಅನುಮಾನ ಹೆಚ್ಚು. ಸ್ವಿಚ್ಚಿನ ಒಂದು ಜೋಡಿ ಸಂಪರ್ಕ 5 ವೋಲ್ಟಿಗೆ, ಇನ್ನೊಂದು 9 ವೋಲ್ಟಿಗೆ. ಕಿಲುಬು ಕಟ್ಟಿದರೆ ಅಲ್ಲೇ ವೋಲ್ಟೇಜ್ ಇಳಿಯುತ್ತದೆ. ಯಂತ್ರ ಓಡುತ್ತಿರುವಾಗ ಸ್ವಿಚ್ಚಿನ ಹಿಂದೆ ಮತ್ತು ಮುಂದೆ ಅಳೆಯಿರಿ, 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ಆನ್-ಆಫ್ ಮಾಡಿ. ಪವರ್ ಸಾಕೆಟ್ಟಿನ ಬೆಸುಗೆಗಳಲ್ಲಿ ಉಂಗುರದಂಥ ಬಿರುಕು ಕಂಡರೆ ಹೊಸ ಸೀಸ ಕೊಟ್ಟು ಮತ್ತೆ ಬೆಸೆಯಿರಿ.

ಕೊನೆಯ ಅಳತೆ ರ‍್ಯಾಮ್ ಚಿಪ್ಪಿನ ಮೇಲೆಯೇ ಆಗಲಿ. ಹಳೆಯ ಉದ್ದ ಬೋರ್ಡಿನ 4164ರಲ್ಲಿ 8ನೇ ಪಿನ್ 5 ವೋಲ್ಟ್, 16ನೇ ಪಿನ್ ಗ್ರೌಂಡ್. ಪಕ್ಕದ 74 ಸರಣಿಯ 16 ಪಿನ್ ಚಿಪ್‌ಗಳಿಗೆ ಇದು ತದ್ವಿರುದ್ಧ. ಇಲ್ಲಿ 4.75ಕ್ಕಿಂತ ಕಡಿಮೆ ಇದ್ದು, ಅಡಾಪ್ಟರ್ ಪ್ಲಗ್ಗಿನಲ್ಲಿ ಸರಿಯಿದ್ದರೆ ತಪ್ಪು ನಡುವಿನ ದಾರಿಯಲ್ಲಿದೆ. ವೋಲ್ಟೇಜ್ ಸರಿಯಿದ್ದೂ ಎಂಟರಲ್ಲಿ ಒಂದು ಚಿಪ್ ಮಾತ್ರ ಬೆರಳಿಡಲಾಗದಷ್ಟು ಬಿಸಿಯಾದರೆ ಅದು ಹೋಗಿದೆ.

ಬದಲಿ ಕಟ್ಟುವಾಗ

5 ವೋಲ್ಟಿಗೆ 2–3 ಆಂಪಿಯರ್‌ನ ಒಳ್ಳೆಯ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ), ಜೊತೆಗೆ 9 ವೋಲ್ಟ್ 1 ಆಂಪಿಯರ್ ಟ್ರಾನ್ಸ್‌ಫಾರ್ಮರ್, ನಡುವೆ 5.5 ವೋಲ್ಟಿನ ಆಸುಪಾಸಿನಲ್ಲಿ ಕಡಿಯುವ ರಕ್ಷಣಾ ಸರ್ಕ್ಯೂಟ್. ಎಸಿ ಜಾಗದಲ್ಲಿ 9 ವೋಲ್ಟ್ ಡಿಸಿ ಕೊಟ್ಟರೆ ಕೆಲಸವಾಗದು: ಬೋರ್ಡಿನ ಡಯೋಡ್ ಮತ್ತು ಕೆಪಾಸಿಟರ್ ಎಸಿಯನ್ನು ಏರಿಸಿಯೇ 7812ಕ್ಕೆ ಕೊಡುತ್ತವೆ. ಎಸಿಯ ಎರಡೂ ತಂತಿಗಳಲ್ಲಿ ಯಾವುದನ್ನೂ ಗ್ರೌಂಡಿಗೆ ಸೇರಿಸಬೇಡಿ, ಬ್ರಿಜ್ ಮೂಲಕ ಶಾರ್ಟ್ ಆಗುತ್ತದೆ.

ಅಮೆರಿಕದಿಂದ ತಂದ ಯಂತ್ರದ ಅಡಾಪ್ಟರ್ 120 ವೋಲ್ಟಿನದು. ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟೇಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಬಳಸಿದರೂ 60 ಹರ್ಟ್ಸ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಕಾಯುತ್ತದೆ. ಅದನ್ನು ಎತ್ತಿಟ್ಟು, 230 ವೋಲ್ಟಿನ ಹೊಸ ಸಪ್ಲೈ ಕಟ್ಟಿಕೊಳ್ಳುವುದೇ ಸರಿ.