ಒಂದೇ ಕೋರ್ಟು, ಎರಡು ಸಂಹಿತೆ: ಕೌಟುಂಬಿಕ ನ್ಯಾಯಾಲಯದ ಬಗ್ಗೆ ನನ್ನ ಟಿಪ್ಪಣಿ

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಅಲ್ಲಿನ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ಗಮನಿಸಿ. ಕೆಲವು ಕೇಸುಗಳ ಮುಂದೆ ‘ಎಂ.ಸಿ.’ (ಮ್ಯಾಟ್ರಿಮೋನಿಯಲ್ ಕೇಸ್, ಅಂದರೆ ವೈವಾಹಿಕ ಪ್ರಕರಣ) ಅಂತ ಇರುತ್ತದೆ, ಕೆಲವಕ್ಕೆ ‘ಸಿ.ಮಿಸ್.’ (ಕ್ರಿಮಿನಲ್ ಮಿಸಲೇನಿಯಸ್). ಜಡ್ಜ್ ಒಬ್ಬರೇ, ಹಾಲ್ ಒಂದೇ, ಎಷ್ಟೋ ಸಲ ಗಂಡ ಹೆಂಡತಿಯೂ ಅವರೇ. ಮತ್ತೆ ಎರಡು ನಂಬರ್ ಯಾಕೆ? ನಾನು ಜಾಸ್ತಿ ಒದ್ದಾಡಿದ್ದು ಇಲ್ಲೇ.

ಉತ್ತರ 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 7ನೇ ಕಲಂನಲ್ಲಿದೆ. ಅದಕ್ಕೂ ಮೊದಲು ವಿಚ್ಛೇದನ, ಮಕ್ಕಳ ಸುಪರ್ದಿ, ದಂಪತಿಯ ಆಸ್ತಿ ವ್ಯಾಜ್ಯಗಳು ಸಿವಿಲ್ ಕೋರ್ಟಿಗೆ ಹೋಗುತ್ತಿದ್ದವು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನ ಜೀವನಾಂಶ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತಿತ್ತು. 7(1) ಮೊದಲ ಗುಂಪನ್ನು ತಂದಿತು, 7(2) ಎರಡನೆಯದನ್ನು. ಸೂರು ಒಂದಾಯಿತು, ಆದರೆ ಎರಡೂ ತಮ್ಮ ಗಂಟುಮೂಟೆ ಹೊತ್ತೇ ಬಂದವು. ಹಾಗಾಗಿ 10ನೇ ಕಲಂ ಪ್ರಕಾರ ಎಂ.ಸಿ.ಗೆ ಸಿವಿಲ್ ಪ್ರಕ್ರಿಯಾ ಸಂಹಿತೆ, ಸಿ.ಮಿಸ್.ಗೆ ದಂಡ ಪ್ರಕ್ರಿಯಾ ಸಂಹಿತೆ (ಈಗ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ). ಹಾಗಂತ ಸಿ.ಮಿಸ್.ನಲ್ಲಿ ಗಂಡ ‘ಆರೋಪಿ’ ಅಲ್ಲ, ಎದುರುದಾರ. ಈ ಪದ ತಪ್ಪಬೇಡಿ.

ಒಂದು ಉದಾಹರಣೆ ಹಿಡಿಯೋಣ. ಹೆಂಡತಿ ವಿಚ್ಛೇದನದ ಅರ್ಜಿ ಹಾಕಿದ್ದಾಳೆ. ಅದರೊಳಗೇ ಹಿಂದೂ ವಿವಾಹ ಅಧಿನಿಯಮದ 24ನೇ ಕಲಂ ಅಡಿ ಮಧ್ಯಂತರ ಜೀವನಾಂಶ ಕೇಳಿದ್ದಾಳೆ. ಅದು ಎಂ.ಸಿ.ಯ ಮಧ್ಯಂತರ ಅರ್ಜಿ ಅಷ್ಟೇ. ಜೊತೆಗೆ 125ರ ಅಡಿ ಬೇರೆ ಅರ್ಜಿಯೂ ಇದೆ. ಅದು ಸಿ.ಮಿಸ್. ಎರಡೂ ಕಡೆ ಕೇಳಬಹುದಾ? ಕೇಳಬಹುದು. ಆದರೆ ಮೊದಲ ಆದೇಶವನ್ನು ಮುಚ್ಚಿಡುವಂತಿಲ್ಲ. ಅಲ್ಲಿ ಸಿಕ್ಕ ಮೊತ್ತವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದು ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪು. ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂತ ಹೇಳಿದ್ದೂ ಇದೇ ತೀರ್ಪು.

ಈಗ ನನ್ನ ಶಾರ್ಟ್‌ಕಟ್. ಕೇಸಿನ ನಂಬರ್ ನೋಡಿದರೆ ಮುಂದಿನ ದಾರಿ ಗೊತ್ತಾಗುತ್ತದೆ. ಎಂ.ಸಿ.ಯ ಅಂತಿಮ ಡಿಕ್ರಿ (ಸಿವಿಲ್ ತೀರ್ಮಾನದ ಆದೇಶ) ಮೇಲೆ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 19ನೇ ಕಲಂ ಅಡಿ ಹೈಕೋರ್ಟಿಗೆ ಮೇಲ್ಮನವಿ ಹೋಗುತ್ತದೆ. ನಮ್ಮ ಹೈಕೋರ್ಟಿನಲ್ಲಿ ಅದಕ್ಕೆ ಎಂ.ಎಫ್.ಎ. (ಮಿಸಲೇನಿಯಸ್ ಫಸ್ಟ್ ಅಪೀಲ್) ನಂಬರ್. ಒಪ್ಪಿಗೆಯ ಡಿಕ್ರಿ ಆದರೆ ಮೇಲ್ಮನವಿ ಇಲ್ಲ. ಸಿ.ಮಿಸ್. ಆದೇಶಕ್ಕೆ ಮೇಲ್ಮನವಿಯೇ ಇಲ್ಲ, 19(4)ರ ರಿವಿಷನ್ (ಹೈಕೋರ್ಟಿನ ಪರಿಶೀಲನೆ) ಮಾತ್ರ. ಅದರ ನಂಬರ್ ಆರ್.ಪಿ.ಎಫ್.ಸಿ. (ರಿವಿಷನ್ ಪಿಟಿಷನ್ ಫ್ಯಾಮಿಲಿ ಕೋರ್ಟ್). ಈ ನಾಲ್ಕು ಅಕ್ಷರ ಕಂಡರೆ ಕೆಳಗಿನದು 125ರ ಜೀವನಾಂಶ ಅಂತ ಕಣ್ಣುಮುಚ್ಚಿ ಹೇಳಬಹುದು.

ವಸೂಲಿಯಲ್ಲೂ ಇದೇ ಭೇದ. ಡಿಕ್ರಿಗೆ ಅಮಲ್ಜಾರಿ ಅರ್ಜಿ (ಅದನ್ನು ಜಾರಿ ಮಾಡಿಸುವ ಅರ್ಜಿ) ಹಾಕಬೇಕು. 125ರ ಬಾಕಿಗೆ ವಾರಂಟ್ ಹೊರಡುತ್ತದೆ. ಆಮೇಲೂ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲು. ಬಾಕಿ ಬಿದ್ದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ವಾರಂಟ್ ಸಿಗುವುದಿಲ್ಲ. ಮಕ್ಕಳ ಫೀಸು ಕಟ್ಟಲು ಇದೇ ಹಣ ನಂಬಿದವರಿಗೆ ಈ ಗಡುವು ಬಹಳ ಮುಖ್ಯ. ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳಿ.

ಉಳಿದದ್ದು ಸುಲಭ. ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 9ನೇ ಕಲಂ: ಮೊದಲು ರಾಜಿಗೆ ಪ್ರಯತ್ನ. 11: ಪಕ್ಷಕಾರರಲ್ಲಿ ಒಬ್ಬರು ಕೇಳಿದರೂ ಮುಚ್ಚಿದ ಬಾಗಿಲ ವಿಚಾರಣೆ. 13: ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. 14: ಸಾಕ್ಷ್ಯದ ನಿಯಮ ಸಡಿಲ.

ಇನ್ನೊಂದು. 2024ರ ಜುಲೈ 1ರಿಂದ ಹಳೆಯ 125, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಹಳೆಯ ತೀರ್ಪುಗಳಲ್ಲೆಲ್ಲ 125 ಅಂತಲೇ ಇರುವುದರಿಂದ, ನಾನು ನೋಟ್ಸ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳುತ್ತಿದ್ದೇನೆ.